ಕರುವಿಗೆ ಹೊದಿಸಿದ ಕೌದಿ

ಪೂಜ್ಯ ಗುರುಪಾದಯ್ಯಜ್ಜನವರ ಮಠ ಎಂದರೆ ದೊಡ್ಡ ಮಠವೇನಲ್ಲ. ಕರಿಗುಡ್ಡದ ಬುಡದಲ್ಲಿ ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಮರ, ಮರದ ಕೆಳಗೆ ಹಾಸುಗಲ್ಲು. ಶ್ರೀಗಳು ಕೂರುತ್ತಿದ್ದುದು ಆ ಕಲ್ಲಿನ ಮೇಲೆ, ಕೈಯಲ್ಲಿ ಸದಾ ಪುಂಡಿನಾರು. ನಾರನ್ನು ಹೊಸೆದು ಹುರಿ ಮಾಡಿ, ಹುರಿಯನ್ನು ಹೆಣೆದು, ಹಾಲು ಮೊಸರಿನ ಗಡಿಗೆ ತೂಗುಹಾಕುವ ನೆಲುವು ಮಾಡುತ್ತಿದ್ದರು. ಹೊಸದಾಗಿ ಸಂಸಾರ ಹೂಡಿ ದರ್ಶನಕ್ಕೆ ಬಂದವರಿಗೆ ಅವರು ದಯಪಾಲಿಸುತ್ತಿದ್ದ ಪ್ರಸಾದ ಅದೇ. ತಾಯಿತ ಬೇಡಿದವರಿಗೂ ನೆಲುವು, ಯಂತ್ರ ಬೇಡಿದವರಿಗೂ ನೆಲುವು. "ಬೆಕ್ಕಿನ ಬಾಯಿಂದ ಹಾಲರೆ ಉಳಿತೈತಿ, ಒಯ್ಯಿರಿ" ಎಂದು ನಗುತ್ತಿದ್ದರು.

ಅಂಥ ಶಾಂತಮೂರ್ತಿಗಳಿಗೆ ಒಂದು ಖ್ಯಾತಿ ಅಂಟಿಕೊಂಡಿತ್ತು. ಅಜ್ಜನವರ ಬಾಯಿಂದ ಬಂದ ಮಾತು ಹುಸಿಹೋಗುವುದಿಲ್ಲವಂತೆ. ಹಾಗೆಂದ ಮೇಲೆ ನಮ್ಮ ಜನ ಬಿಡುತ್ತಾರೆಯೇ? ತಮ್ಮ ಮನೆಗೆ ಒಳ್ಳೆಯದಾಗಲಿ ಎಂದು ಬರುವವರಿಗಿಂತ ಪಕ್ಕದ ಮನೆಗೆ ಕೆಟ್ಟದಾಗಲಿ ಎಂದು ಬರುವವರೇ ಹೆಚ್ಚು. ಗುರುವಿನ ಬಾಗಿಲಿಗೆ ಬರುವಾಗಲೂ ಬಗಲಲ್ಲಿ ಬಡಿಗೆ ಇಟ್ಟುಕೊಂಡು ಬರುವ ಈ ಬುದ್ಧಿಗೆ ಏನೆನ್ನಬೇಕು? ಹೇಳಹೊರಟರೆ ಇಂದಿಗೂ ಮೈ ಉರಿಯುತ್ತದೆ. ಅಜ್ಜನವರು ಅಂಥವರಿಗೆ ಉತ್ತರವನ್ನೇ ಕೊಡದೆ ನಾರು ಹೊಸೆಯುತ್ತ ಕುಳಿತುಬಿಡುತ್ತಿದ್ದರು. ಒಮ್ಮೆ ಮಾತ್ರ ಕೊಟ್ಟರು.

ಅದು ಚಳಿಗಾಲ. ಕರಡಿಹಾಳದ ಶಿವಗಂಗವ್ವ ಬೆಳಗಿನ ಹೊತ್ತು ಮಠದ ದಾರಿ ಹಿಡಿದಿದ್ದಳು. ನಡೆಯುತ್ತಿದ್ದಳು ಎನ್ನುವುದಕ್ಕಿಂತ ನುಗ್ಗುತ್ತಿದ್ದಳು ಎನ್ನಬೇಕು. ಹೆಗಲ ಮೇಲೆ ಒಂದು ಕೌದಿ. ಹಳೆಯ ಸೀರೆಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಕೈಹೊಲಿಗೆ ಹಾಕಿದ ದಪ್ಪ ಹೊದಿಕೆ ಅದು, ಒಂದು ಮಗ್ಗುಲಿಗೆ ಸೆಗಣಿ ಮೆತ್ತಿತ್ತು. ದಾರಿಯಲ್ಲಿ ಸಿಕ್ಕವರು "ಎಲ್ಲಿಗೆ ಶಿವಗಂಗಕ್ಕಾ?" ಎಂದರೆ, "ಒಂದು ಮನಿ ಹಾಳು ಮಾಡಾಕ" ಎಂದು ಮುಂದೆ ಹೋಗುತ್ತಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಮಗಳು ಅನ್ನಪೂರ್ಣೆಯ ಚೊಚ್ಚಲ ಬಾಣಂತನವನ್ನು ತವರಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ್ದಳು. ಕೂಸು ಹೆಣ್ಣು, ಮುದ್ದಾದ ಕೂಸು. ತಾಯಿ ಮಗುವನ್ನು ನೇಕಾರಕೊಪ್ಪದ ಗಂಡನ ಮನೆಗೆ ಕಳಿಸುವಾಗ ತೊಟ್ಟಿಲಿನ ಸಂಗಡ ಈ ಕೌದಿ ಕೊಟ್ಟಿದ್ದಳು. ಅಂಗಡಿಯಲ್ಲಿ ಬೇಕಾದಷ್ಟು ಚಾದರ ಸಿಗುತ್ತಿದ್ದವು. ಅವಳ ಗಂಡನದೇ ಬಟ್ಟೆ ಅಂಗಡಿ. ಆದರೂ ಮೊಮ್ಮಗಳ ಮೈಗೆ ತನ್ನ ಕೈಯ ಹೊಲಿಗೆಯೇ ತಾಗಬೇಕೆಂದು ಮಳೆಗಾಲ ಪೂರ್ತಿ ಕಿಟಕಿಯ ಬೆಳಕಿಗೆ ಕುಳಿತು ಹೊಲಿದಿದ್ದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ಹೋಳಿಗೆಯ ಚೂರು ಇಟ್ಟಿದ್ದಳು. ಖಾಲಿ ಹೊಟ್ಟೆಯ ಕೌದಿಯನ್ನು ಯಾರಿಗೂ ಕೊಡಬಾರದು ಎಂಬುದು ಆ ಸೀಮೆಯ ಹೆಂಗಸರ ಪದ್ಧತಿ.

ಆ ದಿನ ಬೆಳಗ್ಗೆ ಕೂಸನ್ನು ನೋಡುವ ಆಸೆಯಿಂದ ಉಂಡಿ ಕಟ್ಟಿಕೊಂಡು ನೇಕಾರಕೊಪ್ಪಕ್ಕೆ ಹೋದರೆ, ಬೀಗಿತಿ ನಿಂಬೆವ್ವನ ಅಂಗಳದಲ್ಲಿ ಒಂದು ಎಳೆಗರು ಕಟ್ಟಿತ್ತು. ಕರುವಿನ ಬೆನ್ನ ಮೇಲೆ ಆ ಕೌದಿ ಇತ್ತು!

"ಏನಿದು ಬೀಗತ್ಯಾರ? ಕೂಸಿಗೆ ಕೊಟ್ಟಿದ್ದನ್ನ ಕರುವಿಗೆ ಹೊಚ್ಚೀರಿ?"

ನಿಂಬೆವ್ವ ಪಡಸಾಲೆಯ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಿದ್ದಳು. ತಲೆ ಎತ್ತಲಿಲ್ಲ. "ಯಾವ ಅರಿವಿ ಎಲ್ಲಿರಬೇಕೋ ಅಲ್ಲೈತ್ರಿ. ಅದು ನಿಮಗೂ ಗೊತ್ತಿರಬೇಕಲ್ಲ" ಎಂದಳು. ಮತ್ತೆ ಲಾಳಿ ಹೊಡೆದಳು.

ಒಳಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಅನ್ನಪೂರ್ಣೆ "ಯವ್ವಾ, ನಿನ್ನ ಕಾಲಿಗೆ ಬೀಳ್ತೇನಿ, ಸುಮ್ಮನಿರು" ಎಂದು ಅಳುತ್ತಿದ್ದಳು. ಶಿವಗಂಗವ್ವನಿಗೆ ಅದು ಕಿವಿಗೇ ಬೀಳಲಿಲ್ಲ. ಉಂಡಿಯ ಗಂಟನ್ನು ಅಂಗಳಕ್ಕೆ ಎಸೆದಳು, ಕರುವಿನ ಮೈಮೇಲಿಂದ ಕೌದಿಯನ್ನು ಕಿತ್ತುಕೊಂಡಳು, ಈ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಓಣಿಗೆಲ್ಲ ಕೇಳುವಂತೆ ಕೂಗಿ ನೆಟ್ಟಗೆ ಮಠದ ಕಡೆ ತಿರುಗಿದಳು.

ಅಜ್ಜನವರ ಸನ್ನಿಧಿಯಲ್ಲಿ ಆಗ ನಾಲ್ಕಾರು ಭಕ್ತರಿದ್ದರು. ಶಿವಗಂಗವ್ವ ಕೈ ಮುಗಿಯಲಿಲ್ಲ, ಪಾದ ಮುಟ್ಟಲಿಲ್ಲ. ಕೌದಿಯನ್ನು ಹಾಸುಗಲ್ಲಿನ ಮುಂದೆ ದೊಪ್ಪನೆ ಹಾಕಿದಳು.

"ಅಜ್ಜಾರ, ನೋಡ್ರಿ ಇದನ್ನ! ನಾ ಕಣ್ಣು ಕಳಕೊಂಡು ಹೊಲಿದ ಕೌದಿ. ಬೀಗಿತಿ ಕರುವಿಗೆ ಹೊಚ್ಯಾಳ. ಆಕಿ ಮನಿ ಹಾಳಾಗ್ಲಿ ಅಂತ ಒಂದು ಮಾತು ಹೇಳ್ರಿ. ಮಗ್ಗ ಮುರೀಲಿ, ಮಾಡು ಕುಸೀಲಿ. ನೀವು ಹೇಳೂತನಾ ನಾ ಇಲ್ಲಿಂದ ಏಳಂಗಿಲ್ಲ!"

ಅಜ್ಜನವರು ನಾರು ಹೊಸೆಯುವುದನ್ನು ನಿಲ್ಲಿಸಿದರು. "ಆ ಮಾಡಿನ ಕೆಳಗ ಮಲಗೋರು ಯಾರಬೇ?" ಎಂದರು.

"ನನ್ನ ಮಗಳನ್ನೂ ಕೂಸನ್ನೂ ಇವತ್ತ ಕರಕೊಂಡು ಬರತೇನ್ರಿ. ಆ ಸಂಬಂಧ ಹರೀತು. ಅವರು ಹೊರಗ ಬಂದ ಮ್ಯಾಲೆ ಬೀಳ್ಲಿ."

ಕುಳಿತಿದ್ದವರು ಹೌಹಾರಿದರು. ಹೊದಿಕೆಯ ಜಗಳಕ್ಕೆ ಮಗಳ ಸಂಸಾರವನ್ನೇ ಹರಿಯಲು ಹೊರಟ ತಾಯಿಯನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ಶ್ರೀಗಳ ಮುಖ ಕೆಂಪೇರಿತು. ಅವರು ಸಿಟ್ಟಾದುದನ್ನು ಕಂಡವರು ವಿರಳ, ಅಂದು ಅಲ್ಲಿದ್ದವರೆಲ್ಲ ಕಂಡರು. ಕೌದಿಯನ್ನು ಹತ್ತಿರ ಎಳೆದುಕೊಂಡರು. ಅಂಚಿನ ಗುಂಟ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿಯೇ ತುಸು ಹೊತ್ತು ನೋಡಿ ಕೌದಿಯನ್ನು ಅವಳ ಕಡೆ ತಳ್ಳಿದರು.

"ಮಾತು ಬೇಕೇನು ನಿನಗ? ಹೇಳತೇನಿ. ಮೊದಲ ಇದನ್ನ ಬಿಚ್ಚು. ಹೊಟ್ಟಿ ಕಾಣೂತನಾ ಬಿಚ್ಚು."

"ಅಜ್ಜಾರ, ಮಳಿಗಾಲ ಪೂರ್ತಿ ಕುಂತು..."

"ಬಿಚ್ಚು!"

ಬೇವಿನ ಮರದ ಗುಬ್ಬಿಗಳು ಹಾರಿಹೋದವು. ಶಿವಗಂಗವ್ವನೂ ಸಿಟ್ಟಿನಲ್ಲಿ ಕಡಿಮೆಯವಳಲ್ಲ. ಬಿಚ್ಚಿದರೆ ಮಾತು ಸಿಗುವುದಾದರೆ ಬಿಚ್ಚಿಯೇ ಬಿಡೋಣ ಎಂದು ಕಾಲು ಚಾಚಿ ಕುಳಿತಳು, ನಾರು ಕೊಯ್ಯುವ ಚೂರಿಯನ್ನು ಎತ್ತಿಕೊಂಡಳು. ಹೊಲಿಗೆಯ ಟಾಕಿಗಳನ್ನು ಒಂದೊಂದಾಗಿ ಕತ್ತರಿಸುತ್ತ ಸುತ್ತಲಿನವರಿಗೆ ಒಂದೊಂದೇ ತುಂಡನ್ನು ಎತ್ತಿ ತೋರಿಸತೊಡಗಿದಳು. "ಇದು ನಮ್ಮವ್ವನ ಜರದ ಸೀರಿ. ಇದು ನನ್ನ ಧಾರಿ ಸೀರಿ ದಡಿ. ಇದು ಕಾಶಿಗೆ ಹೋದಾಗ ತಂದಿದ್ದು. ಇಂಥಾ ಕೌದಿ ಆಕಿ ಮನಿತನದಾಗ ಯಾರರೆ ಕಂಡಾರೇನು?" ಹೊಗಳಿಕೊಳ್ಳುವಾಗ ಅವಳ ಕೈ ಇನ್ನೂ ಚುರುಕಾಗುತ್ತಿತ್ತು.

ಅಂಚಿಗೆ ಬಂದಾಗ ಚೂರಿ ನಿಂತಿತು. ಅಲ್ಲಿ ಒಂದು ಗೇಣಿನಷ್ಟು ಹೊಲಿಗೆ ಅವಳದಲ್ಲ. ಒಗೆಯುವಾಗ ಬಿಟ್ಟುಕೊಂಡಿದ್ದ ಅಂಚನ್ನು ಯಾರೋ ಮತ್ತೆ ಹೊಲಿದಿದ್ದರು. ದಾರ ಮಗ್ಗದ ಕೆಂಪು ನೂಲು. ಬಹಳ ಜತನದ, ಮಟ್ಟಸವಾದ ಟಾಕಿಗಳು. ಕರುವಿಗೆ ಹೊದಿಸಲೆಂದು ಯಾರೂ ಅಷ್ಟು ಅಂದವಾಗಿ ಹೊಲಿಯುವುದಿಲ್ಲ, ಅದು ಕೂಸಿನ ಸಲುವಾಗಿ ಹಾಕಿದ ಹೊಲಿಗೆ. ಆದರೆ ಅರ್ಧಕ್ಕೇ ನಿಂತುಬಿಟ್ಟಿತ್ತು. ನೂಲಿನ ತುದಿ ಗಂಟು ಕಾಣದೆ ಜೋತಾಡುತ್ತಿತ್ತು, ಅದರಾಚೆ ಅಂಚು ಬಾಯಿ ತೆರೆದುಕೊಂಡೇ ಇತ್ತು. ಆ ಬಾಯಿಯೊಳಗಿಂದ ಕೆಂಪು ಸೆರಗಿನಲ್ಲಿ ಜೋಳದ ತೆನೆಯಂತೆ ನೇಯ್ದ ಬಿಳಿ ತೆನೆಸಾಲು ಇಣುಕುತ್ತಿತ್ತು.

ಅಲ್ಲಿಂದ ಮುಂದೆ ಶಿವಗಂಗವ್ವ ತುಂಡುಗಳನ್ನು ಯಾರಿಗೂ ತೋರಿಸದೆ ಬಿಚ್ಚಿದಳು. ಮೇಲಿನ ಪದರ ಸರಿದಾಗ ನಾಲ್ಕು ಮಡಿಕೆಯಾಗಿ ಹಾಸಿದ್ದ ಒಂದು ಇಡೀ ಸೀರೆ ಬಿಸಿಲಿಗೆ ಬಂತು.

ಅದು ನಿಂಬೆವ್ವ ನೇಯ್ದ ಸೀರೆ. ಮದುವೆಯಲ್ಲಿ ಬೀಗಿತಿಗೆ ಕೊಡಲೆಂದು, ಅಂಗಡಿಗೆ ಕೊಡುವ ಕೆಲಸವನ್ನೆಲ್ಲ ಬದಿಗಿಟ್ಟು, ತನ್ನ ಮಗ್ಗದ ಮೇಲೆ ತಾನೇ ಹಾಸು ಹೂಡಿ ನೇಯ್ದದ್ದು. ಶಿವಗಂಗವ್ವನೂ ನೇಕಾರರ ಮನೆಯಲ್ಲೇ ಹುಟ್ಟಿದವಳು. ಗಂಡ ಮಗ್ಗ ಬಿಟ್ಟು ಅಂಗಡಿ ಇಟ್ಟ ಮೇಲೆ ಅವಳಿಗೆ ನೂಲಿನ ಸೀರೆ ಮೈಗೆ ಚುಚ್ಚತೊಡಗಿತ್ತು. ಸೀರೆಯನ್ನು ಉಡಿಯಲ್ಲಿ ಇಸಿದುಕೊಂಡು ಟ್ರಂಕಿಗೆ ಹಾಕಿದವಳು ಮತ್ತೆ ಮುಟ್ಟಿರಲಿಲ್ಲ. ಕೌದಿಗೆ ದಪ್ಪ ಸಾಲದೆ ಹೋದಾಗ, ಒಳಗಿನದನ್ನು ಯಾರು ನೋಡುತ್ತಾರೆ ಎಂದು ಅದನ್ನೇ ಹಾಸಿಬಿಟ್ಟಿದ್ದಳು. ಆಮೇಲೆ ಅದರ ನೆನಪೂ ಬಂದಿರಲಿಲ್ಲ.

ಕೌದಿಯ ಹೊಟ್ಟೆಗೆ ಹಾಕುವುದು ಉಟ್ಟು ಉಟ್ಟು ಮೆತ್ತಗಾದ, ಮೈಯ ಋಣ ತೀರಿಸಿದ ಅರಿವೆಯನ್ನು. ಗಳಿಗೆ ಮುರಿಯದ ಸೀರೆ, ಅಂದರೆ ಒಂದು ಸಲವೂ ಉಡದ ಹೊಸ ಸೀರೆಯನ್ನು ಯಾವ ಹೆಂಗಸೂ ಒಳಗೆ ಹಾಕುವುದಿಲ್ಲ. ಹಾಕಿದರೆ ಕೊಟ್ಟವರ ಮುಖಕ್ಕೆ ಉಗುಳಿದಂತೆ. ಸಣ್ಣ ಹುಡುಗಿಯರಿಗೂ ಗೊತ್ತಿರುವ ಈ ಮಾತು ಇಷ್ಟು ದೊಡ್ಡ ಹೆಂಗಸಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ದೊಡ್ಡಸ್ತಿಕೆ ಬಂದವರಿಗೆ ಗೊತ್ತಿದ್ದದ್ದೂ ಮರೆಯುತ್ತದೆ.

ಈಗ ಅವಳಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ನಿಂಬೆವ್ವ ಮೊಮ್ಮಗಳ ಕೌದಿಯ ಹರಿದ ಅಂಚನ್ನು ಹೊಲಿಯಲು ಪ್ರೀತಿಯಿಂದ ಕುಳಿತಿದ್ದಾಳೆ. ಅರ್ಧ ಹೊಲಿದಿದ್ದಾಳೆ. ಒಳಗೆ ತನ್ನ ಕೈಯ ನೇಯ್ಗೆ ಕಂಡಿದೆ. ಸೂಜಿ ಅಲ್ಲಿಗೇ ನಿಂತಿದೆ.

"ಈಗ ಹೇಳು" ಎಂದರು ಅಜ್ಜನವರು. ದನಿಯಲ್ಲಿ ಸಿಟ್ಟು ಹಾಗೆಯೇ ಇತ್ತು. "ಆ ಮಾತು ಯಾರ ಮನಿ ಮ್ಯಾಲೆ ಹಾಕ್ಲಿ?"

ಅವರು ದಿವ್ಯದೃಷ್ಟಿಯಿಂದ ಒಳಗಿನದನ್ನು ಕಂಡರು ಎನ್ನುವವರಿದ್ದಾರೆ. ಅರ್ಧಕ್ಕೆ ನಿಂತ ಹೊಲಿಗೆಯನ್ನು ಕಂಡರು ಎನ್ನುವವರೂ ಇದ್ದಾರೆ. ಪವಾಡ ಬೇಕಾದವರು ಪವಾಡವೆನ್ನಲಿ. ಎದುರಿಗಿದ್ದದ್ದನ್ನು ಎದುರಿಗಿದ್ದ ಹಾಗೆ ನೋಡುವ ಕಣ್ಣು ನಮಗೆ ಎಷ್ಟು ಮಂದಿಗಿದೆ?

ಶಿವಗಂಗವ್ವ ಹಣೆ ಹಣೆ ಬಡಿದುಕೊಂಡಳು. ಹೊಲಿದ ಕೈಯನ್ನೇ ಕಲ್ಲಿಗೆ ಅಪ್ಪಳಿಸಹೋದಳು. ಶ್ರೀಗಳು ತಡೆದರು. "ಕೈ ಏನು ಮಾಡೇತಿ? ಆ ಸೀರಿ ಉಟ್ಕೊ. ಉಟ್ಕೊಂಡು ಹೋಗು" ಎಂದರು. ಮತ್ತೆ ನಾರು ಕೈಗೆತ್ತಿಕೊಂಡರು.

ಮಠದ ಒಳಕೋಣೆಯಲ್ಲಿ ಅವಳು ಆ ಸೀರೆ ಉಟ್ಟಳು. ಉದ್ದಕ್ಕೂ ಸೂಜಿಯ ತೂತುಗಳು. ನೆರಿಗೆ ಹಿಡಿದರೆ ನೆರಿಗೆಯಲ್ಲಿ, ಹೊದ್ದರೆ ಸೆರಗಿನಲ್ಲಿ. ಹಾಗೆಯೇ ಹಾಡಹಗಲಲ್ಲಿ ನೇಕಾರಕೊಪ್ಪದ ಅಗಸಿಬಾಗಿಲು ಹೊಕ್ಕಳು. ನೇಕಾರರ ಓಣಿಯಲ್ಲಿ ಸೀರೆ ಕಂಡರೆ ಯಾರ ಮಗ್ಗದ್ದೆಂದು ಹೇಳುತ್ತಾರೆ, ತೂತು ಕಂಡರೆ ಅದು ಕೌದಿಯ ಹೊಟ್ಟೆಯಲ್ಲಿತ್ತೆಂದೂ ಹೇಳುತ್ತಾರೆ. ಒಂದೊಂದೇ ಮನೆಯಲ್ಲಿ ಲಾಳಿಯ ಸದ್ದು ನಿಂತಿತು. ಹೆಂಗಸರು ಬಾಗಿಲಿಗೆ ಬಂದರು. ಒಬ್ಬಳು "ಥೂ" ಎಂದದ್ದೂ ಕೇಳಿಸಿತು. ಶಿವಗಂಗವ್ವ ಸೆರಗು ಮುಚ್ಚಿಕೊಳ್ಳಲಿಲ್ಲ.

ನಿಂಬೆವ್ವ ಮಗ್ಗದಲ್ಲೇ ಇದ್ದಳು. ಈ ಸಲ ತಲೆ ಎತ್ತಿದಳು, ಮೇಲಿಂದ ಕೆಳಗಿನವರೆಗೆ ನೋಡಿದಳು.

"ತಪ್ಪಾತು" ಎಂದಳು ಶಿವಗಂಗವ್ವ.

"ಆತಂದ್ರ ಮುಗೀತೇನ್ರಿ? ಈ ಸೀರಿ ಹಾಸಿನ್ಯಾಗ ಇದ್ದಾಗ ನಾ ದಿನಾ ಅಂದುಕೊಂತಿದ್ದೆ, ಬೀಗತ್ಯಾರು ಉಟ್ಟರ ಹಿಂಗ ಕಾಣತಾರ, ಹಾಂಗ ಕಾಣತಾರ ಅಂತ. ನನ್ನ ಸಿಟ್ಟು ಇಳಿದಿಲ್ಲ. ಇಳಿಯಂಗೂ ಇಲ್ಲ."

"ಇಳಿಯೂತನಾ ಇಲ್ಲೇ ಕುಂದರತೇನ್ರಿ. ಬೈರಿ. ಕೇಳತೇನಿ."

ಎಂದು ಹೊಸ್ತಿಲ ಮೇಲೇ ಕುಳಿತಳು. ನಿಂಬೆವ್ವ ಬೈದಳು. ಮನದಣಿಯೆ ಬೈದಳು. ಬೈಗಳು ತೀರಿದ ಮೇಲೆ ಕುಣಿಯಿಂದ ಮೇಲೆದ್ದು ಬಂದು ಸೆರಗಿನ ತುದಿಯನ್ನು ಬೆಳಕಿಗೆ ಹಿಡಿದು ತೂತುಗಳ ಸಾಲನ್ನು ನೋಡಿದಳು.

"ಎಷ್ಟು ಸಣ್ಣ ಟಾಕಿ ಹಾಕೀರಿ" ಎಂದಳು, ಸಿಡುಕಿಕೊಂಡೇ. "ಕೈ ಬಂಗಾರದಂಥಾದ್ದು. ಬುದ್ಧಿಗೆ ಬೆಂಕಿ ಬಿತ್ತು."

ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು. ಅನ್ನಪೂರ್ಣೆ ಓಡಿ ಬರುವಷ್ಟರಲ್ಲಿ ನಿಂಬೆವ್ವನೇ ಅದನ್ನು ಎತ್ತಿ ತಂದಳು. ತಂದು, ಒಂದು ಗಳಿಗೆ ನಿಂತು, ಶಿವಗಂಗವ್ವನ ಮಡಿಲಿಗೆ ಹಾಕಿದಳು. ಕೂಸು ಅಳು ನಿಲ್ಲಿಸಿ ಆ ಸೀರೆಯ ಮೇಲೇ ಬೆಚ್ಚಗೆ ಉಚ್ಚೆ ಹೊಯ್ದಿತು. ಅನ್ನಪೂರ್ಣೆ ಅರಿವೆ ತರಲು ತಿರುಗಿದಾಗ ಅವಳ ತಾಯಿ ಕೈ ಹಿಡಿದು ನಿಲ್ಲಿಸಿದಳು.

"ಇರಲಿ ಬಿಡು" ಎಂದಳು ಶಿವಗಂಗವ್ವ. "ಇನ್ನರೆ ಇದು ಉಟ್ಟ ಸೀರಿ ಆಗಲಿ."