ಬೀಗರಿಗೆ ಹೇಳುವ ರೀತಿ

ಆನ್‌ಲೈನಿನಲ್ಲಿ ಚಟ್ನಿಪುಡಿ ಮಾರುವ ತೋಟಪ್ಪನವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಮಾಸ್ತೆಯ ಮೇಜಿನ ಸುತ್ತ ತಿರುಗುತ್ತ ಗುಡುಗಿದರು: “ದಿನಕ್ಕೆ ಇಪ್ಪತ್ತು ಸಲ ಎಲ್ಲ ವಾಟ್ಸಾಪ್ ಗ್ರೂಪಿಗೂ ಜಾಹೀರಾತು ಹಾಕಮ್ಮ. ಇಲ್ಲಾಂದ್ರೆ ನಾಳೆಯಿಂದ ಬರಬೇಡ.”

ನಿನ್ನೆ ನಾಲ್ಕು ಸಲ ಹಾಕಿದ್ದಕ್ಕೇ ಮೂರು ಗ್ರೂಪಿನವರು ಆಕೆಯನ್ನು ಹೊರದಬ್ಬಿದ್ದರು. ಆದರೆ ಈ ಕೆಲಸ ಹೋದರೆ ಬೇರೆ ಗತಿಯಿರಲಿಲ್ಲ.

“ಆಗಲಿ ಸಾರ್. ನಿಮ್ಮ ಬೀಗರ ಮನೆ ಗ್ರೂಪಿನಿಂದಲೇ ಶುರು ಮಾಡೋಣ. ಫೋನ್ ಕೊಡಿ.”

ತೋಟಪ್ಪನವರು ಫೋನನ್ನು ಎದೆಗೆ ಅವಚಿಕೊಂಡರು. “ಬೀಗರಿಗಾ? ನನ್ನ ಮಗಳು ಅಲ್ಲಿ ಬಾಳೋದು ಬೇಡ್ವಾ?”

“ಹಾಗಾದ್ರೆ ಅವರಿಗೆ ಹೇಗೆ ಹೇಳಬೇಕು ಸಾರ್?”

“ಮೊದಲು ಕ್ಷೇಮ ವಿಚಾರಿಸಬೇಕು. ಅವರಾಗೇ ಕೇಳಿದ್ರೆ ಪುಡಿ ಸುದ್ದಿ ಎತ್ತಬೇಕು. ಅದೂ ಹಬ್ಬಕ್ಕೊಂದು ಸಲ!”

ಆಕೆ ಅಷ್ಟನ್ನೂ ಬರೆದು ಗೋಡೆಗೆ ಅಂಟಿಸಿದಳು.

“ಅದ್ಯಾಕೆ ಅಲ್ಲಿ?”

“ಇವತ್ತಿಂದ ಗಿರಾಕಿಗಳೆಲ್ಲ ನಮ್ಮ ಬೀಗರು ಸಾರ್.”

ತೋಟಪ್ಪನವರು ಅಂದು ಮೊದಲ ಸಲ ಕುರ್ಚಿಯಲ್ಲಿ ಕೂತರು.