ಜಗಲಿ ಸುತ್ತಿದ ಪೈಪು

ಪಂಚಾಯ್ತಿ ಅಧ್ಯಕ್ಷ ಪುಟ್ಟಮಾದಪ್ಪನವರ ಮಹಡಿ ಟ್ಯಾಂಕಿಗೆ ನೀರು ಹತ್ತುತ್ತಿರಲಿಲ್ಲ. ತಾಲ್ಲೂಕು ಮೀಟಿಂಗಿಗೆ ಹೊರಟವರು ಬೀದಿಯವರೆಲ್ಲರ ಮುಂದೆ ನೀರುಗಂಟಿಯ ಮೇಲೆ ಹಾರಾಡಿದರು: "ಸಂಜೆ ಬರೋದ್ರೊಳಗೆ ನೀರು ಹತ್ತದಿದ್ರೆ ಬೆಂಡೆತ್ತಿಬಿಡ್ತೀನಿ!"

ನೀರುಗಂಟಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೀದಿಗೆ ಚಾಚಿ ಕಟ್ಟಿದ ಅಧ್ಯಕ್ಷರ ಜಗಲಿಯನ್ನು ಬಳಸಿಕೊಂಡು ಪೈಪು ನಾಲ್ಕು ಕಡೆ ಬೆಂಡು ತಿರುಗಿತ್ತು. ಒಂದೊಂದು ಬೆಂಡಿನಲ್ಲೂ ನೀರಿನ ರಭಸ ಸಾಯುತ್ತಿತ್ತು. ಆದರೆ ಜಗಲಿ ಮುಟ್ಟುವವರಾರು? "ಬೆಂಡೆತ್ತಾರಂತೆ, ಬೆಂಡು" ಎಂದು ಗೊಣಗುತ್ತಾ ಸುತ್ತುತ್ತಿದ್ದವನು ಥಟ್ಟನೆ ನಿಂತ. ಓಡಿಹೋಗಿ ಹಾರೆ ತಂದ.

ಸಂಜೆ ಟ್ಯಾಂಕು ತುಂಬಿ ಚೆಲ್ಲುತ್ತಿತ್ತು. ಕಾರಿಳಿದ ಅಧ್ಯಕ್ಷರು ಮಾತ್ರ ಕೆಳಗೆ ನೋಡಿ ದಂಗಾದರು. ಜಗಲಿ ಎರಡು ಹೋಳಾಗಿತ್ತು, ನಡುವೆ ಪೈಪು ನೆಟ್ಟಗೆ ಮಲಗಿತ್ತು.

"ಏನೋ ಇದು?"

"ಬೆಂಡೆತ್ತೀನಿ ಅಂದಿದ್ರಲ್ಲ ಬುದ್ಧೀ? ತಮಗ್ಯಾಕೆ ತೊಂದ್ರೆ ಅಂತ ನಾನೇ ಎತ್ತುಬುಟ್ಟೆ."