ಹಳೆಯ ಹೆಡ್ಡು, ಹೊಸ ರಾಕರು

"ಗುರುಗಳೇ, ಹೊಸಬನೊಬ್ಬ ಬಂದು ಸೇರಿದಾಗ ಅವನು ನಮ್ಮ ಕ್ರಮಕ್ಕೆ ಹೊಂದಿಕೊಳ್ಳಬೇಕೋ, ಅವನಿಗಾಗಿ ನಾವು ಬದಲಾಗಬೇಕೋ?"

ಕೇಳಿದವನು ಚನ್ನವೀರ. ಒಂಬತ್ತು ವರ್ಷದಿಂದ ಮಠದ ಅಡುಗೆಮನೆ ಅವನ ಕೈಯಲ್ಲಿತ್ತು. ಈಚೆಗೆ ಕರಾವಳಿ ಕಡೆಯ ಒಬ್ಬ ಶಿಷ್ಯನನ್ನು ಗುರುಗಳು ಅವನ ಜೊತೆಗೆ ಹಾಕಿದ್ದರು. ಅಂದಿನಿಂದ ಸೌಟು ಸೌಟಿನ ಜಾಗದಲ್ಲಿ ಸಿಗುತ್ತಿರಲಿಲ್ಲ. ಸಾರಿಗೆ ಇದ್ದಕ್ಕಿದ್ದಂತೆ ತೆಂಗಿನಕಾಯಿ ಬೀಳುತ್ತಿತ್ತು.

ಗುರುಗಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಕೈ ನಿಲ್ಲಿಸದೆಯೇ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫಿಟ್ಟರ್ ಇದ್ದ. ಹೆಸರು ಮೌನೇಶಪ್ಪ. ನಲವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದವನು. ಅವನ ಮಗ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆದ. ಮದುವೆಯಾಗಿ ಮನೆಗೆ ಬಂದ ಸೊಸೆ ಕಸ್ತೂರಿ ಮಾತ್ರ ಐಟಿಐಯಲ್ಲಿ ಮೆಷಿನ್ ಕೆಲಸ ಕಲಿತವಳು. "ವರ್ಕ್‌ಶಾಪಿಗೆ ಬರಲೇ ಮಾವ?" ಎಂದು ಕೇಳಿದಳು. ಬೇಡ ಎನ್ನಲು ಮೌನೇಶಪ್ಪನಿಗೆ ಮನಸ್ಸು ಬರಲಿಲ್ಲ, ಬಾ ಎನ್ನಲೂ ಬಾಯಿ ಬರಲಿಲ್ಲ. ಅವಳು ಬಂದಳು. ಅವನು ಅವಳಿಗೆ ನಟ್ಟು ಬೋಲ್ಟು ತೊಳೆಯುವ ಕೆಲಸ ಕೊಟ್ಟ. ಮೂಲೆಯಲ್ಲಿ ಕಬ್ಬಿಣ ಕೊರೆದು ತಗ್ಗಿಸುವ ಮಿಲ್ಲಿಂಗ್ ಮೆಷಿನ್ ಒಂದಿತ್ತು. ಅದರ ಅಳತೆಯ ಗೆರೆಗಳು ಈಗ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೂ ಅದಕ್ಕೆ ಹೊದಿಸಿದ ಗೋಣಿಚೀಲವನ್ನು ಅವನು ತೆಗೆಸಲಿಲ್ಲ. ಅವಳೂ ಕೇಳಲಿಲ್ಲ. ಹೀಗೆ ಮೂರು ತಿಂಗಳು ಹೋಯಿತು.

ಆ ಊರಿನ ಮೇಲೆ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಹಳ್ಳಿ. ಅಲ್ಲಿಗೆ ಬಸ್ಸಿಲ್ಲ. ಇಮಾಮಸಾಬ ಎಂಬವನ ಜೀಪ್ ಒಂದೇ ದಾರಿ. ಹಾಲಿನ ಕ್ಯಾನು, ಟಪಾಲು, ಶಾಲೆಯ ಮೇಷ್ಟ್ರು, ಕಾಯಿಲೆಯವರು, ಎಲ್ಲರೂ ಅದರಲ್ಲೇ. ಈಚೆಗೆ ಜೀಪು ಹೊಗೆ ಕಾರುತ್ತಿತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಒಂದು ಮಧ್ಯಾಹ್ನ ನಡುದಾರಿಯಲ್ಲಿ ನಿಂತೇಬಿಟ್ಟಿತು. ಆಸ್ಪತ್ರೆಯಿಂದ ಮರಳುತ್ತಿದ್ದ ಬಾಣಂತಿಯೊಬ್ಬಳು ಹತ್ತು ದಿನದ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಮೈಲಿ ಬಿಸಿಲಿನಲ್ಲಿ ನಡೆದಳು. ಅಂದು ರಾತ್ರಿ ಇಮಾಮಸಾಬ ಊಟ ಮಾಡಲಿಲ್ಲ.

ಇಂಜಿನ್ನಿನ ತಲೆಯ ಭಾಗಕ್ಕೆ ಹೆಡ್ ಎನ್ನುತ್ತಾರೆ. ಅದರಲ್ಲಿ ರಾಕರ್ ಎಂಬ ಚಿಕ್ಕ ಕಬ್ಬಿಣದ ತೋಳುಗಳಿರುತ್ತವೆ. ವಾಲ್ವನ್ನು ಒತ್ತಿ ತೆರೆಯುವುದು ಅವುಗಳ ಕೆಲಸ. ಹಳೆಯ ರಾಕರು ವಾಲ್ವಿನ ತುದಿಯ ಮೇಲೆ ಉಜ್ಜುತ್ತ ಒತ್ತುತ್ತದೆ. ಉಜ್ಜಿ ಉಜ್ಜಿ ವಾಲ್ವು ಏರಿಳಿಯುವ ದಾರಿ ಸವೆದು ಇಂಜಿನ್ ಹೊಗೆ ಕಾರುತ್ತದೆ. ಹೊಸ ಬಗೆಯ ರಾಕರಿನ ತುದಿಯಲ್ಲಿ ಪುಟ್ಟ ಗಾಲಿ ಇರುತ್ತದೆ. ಅದು ಉಜ್ಜುವುದಿಲ್ಲ, ಉರುಳುತ್ತದೆ. ಇಮಾಮಸಾಬನ ತಮ್ಮ ಹಡಗಿನ ಕೆಲಸದಲ್ಲಿದ್ದ. ಅಣ್ಣನ ಸಂಕಟ ಕೇಳಿ, ಯಾವುದೋ ಬಂದರಿನಿಂದ ಅಂಥ ಎಂಟು ರಾಕರು ಕೊಂಡು ತಂದ. ಅಲ್ಲಿಯತನಕ ಜೀಪು ಹೇಗೋ ಕುಂಟುತ್ತ ಓಡಿತ್ತು. ಇಮಾಮಸಾಬ ಅವನ್ನು ಟವೆಲಿನಲ್ಲಿ ಸುತ್ತಿಕೊಂಡು ಮೌನೇಶಪ್ಪನ ಮುಂದಿಟ್ಟ.

ಅವನು ಜೀಪಿನ ಹೆಡ್ಡು ಬಿಚ್ಚಿ ಇಟ್ಟು ನೋಡಿದ. ಅವು ಕೂರಲಿಲ್ಲ. ಹೊಸ ರಾಕರು ಹಳೆಯದಕ್ಕಿಂತ ಅಗಲ. ರಾಕರನ್ನು ಹಿಡಿಯುವ ತಿರುಪಿನ ಗೂಟಕ್ಕೆ ಸ್ಟಡ್ಡು ಎನ್ನುತ್ತಾರೆ; ಅದು ನಿಂತ ಉಬ್ಬಿಗೇ ರಾಕರಿನ ಹೊಟ್ಟೆ ತಾಗುತ್ತಿತ್ತು.

"ರಾಕರನ್ನೇ ಉಜ್ಜಿ ಸಣ್ಣ ಮಾಡೋಣ," ಎಂದ ಮೌನೇಶಪ್ಪ.

"ಅದನ್ನು ಮುಟ್ಟಿದರೆ ಬಲ ಹೋಗುತ್ತದೆ ಮಾವ. ಹೆಡ್ಡಿನ ಉಬ್ಬನ್ನು ಮೂರು ಮಿಲ್ಲಿಮೀಟರ್ ಕೊರೆದು ತಗ್ಗಿಸಬೇಕು. ಥ್ರೆಡ್ ಹೊಡೆದು ದಪ್ಪ ಸ್ಟಡ್ ಕೂರಿಸಬೇಕು," ಎಂದಳು ಕಸ್ತೂರಿ.

"ಉಬ್ಬಿನ ಕೆಳಗೆ ಇಂಜಿನ್ ತಣಿಸುವ ನೀರು ಹರಿಯುತ್ತದೆ. ತೂತಾದರೆ ಹೆಡ್ಡೇ ಹೋಯಿತು. ಇಂಥದ್ದು ಇನ್ನೊಂದು ಎಲ್ಲಿದೆ?"

"ಕಂಪನಿಯ ಪುಸ್ತಕದಲ್ಲಿ ಗೋಡೆ ಎಷ್ಟು ದಪ್ಪ ಎಂದು ಇದೆ ಮಾವ."

"ಪುಸ್ತಕ ಈ ಹೆಡ್ಡನ್ನು ನೋಡಿದೆಯೇನು?"

ಮೂರು ದಿನ ಇದೇ ಮಾತು. ಮೂರು ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಜೋರಾಗಿತ್ತು, ಊಟದ ಸದ್ದು ಇರಲಿಲ್ಲ. ಗುಡ್ಡದ ಹಳ್ಳಿಯವರು ಮೂರು ದಿನ ಕಾಲ್ನಡಿಗೆಯಲ್ಲಿ ಇಳಿದು ಹತ್ತಿದರು. ಇಮಾಮಸಾಬ ದಿನಕ್ಕೆರಡು ಸಲ ಬಂದು, ಇಬ್ಬರ ಮುಖ ನೋಡಿ, ಏನೂ ಕೇಳದೆ ಹೋಗುತ್ತಿದ್ದ.

ನಾಲ್ಕನೆಯ ದಿನ ಕಸ್ತೂರಿ ಬುತ್ತಿ ತಂದಳು. ಮಾವನ ಮುಂದೆ ಇಟ್ಟು, ಹೆಡ್ಡಿನ ಪಕ್ಕ ನೆಲದ ಮೇಲೆ ಕೂತಳು. ಹಟ ಮಾಡಿ ಅವಳಿಗೂ ದಣಿವಾಗಿತ್ತು.

"ಮಾವ, ಇದನ್ನು ನೀವು ಮೊದಲು ಬಿಚ್ಚಿದ್ದು ಯಾವಾಗ?" ಎಂದು ಕೇಳಿದಳು.

ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ರೊಟ್ಟಿ ಮುರಿದವನು ಹಾಗೇ ಹಿಡಿದುಕೊಂಡು ಹೇಳಿದ. ಇಮಾಮಸಾಬನ ತಂದೆಯ ಕಾಲದಲ್ಲಿ ನೀರು ಬತ್ತಿ ಇಂಜಿನ್ ಕಾದು ಹೆಡ್ಡು ಬಾಗಿದ್ದು. ಎರಡು ದಿನ ಕೂತು ತಾನು ಅದನ್ನು ಕೈಯಿಂದಲೇ ತೇದು ಮಟ್ಟ ಮಾಡಿದ್ದು. ತುಕ್ಕು ತೆಗೆಯಲು ನೀರಿನ ರಂಧ್ರದೊಳಗೆ ತಂತಿ ಹಾಕಿದಾಗ, ಏಳನೆಯ ಉಬ್ಬಿನ ಕೆಳಗೆ ಗೋಡೆ ತೆಳ್ಳಗಿದೆ ಎಂದು ಕೈಗೆ ತಿಳಿದದ್ದು. ಎರಕ ಹೊಯ್ಯುವಾಗಲೇ ಅಚ್ಚು ಸ್ವಲ್ಪ ಸರಿದಿರಬೇಕು. ಹೊರಗಿನಿಂದ ನೋಡಿದರೆ ಎಂಟೂ ಒಂದೇ.

ಕಸ್ತೂರಿ ಚಿಕ್ಕ ಸುತ್ತಿಗೆ ತೆಗೆದುಕೊಂಡು ಆರನೆಯದನ್ನು ತಟ್ಟಿದಳು. ಏಳನೆಯದನ್ನು ತಟ್ಟಿದಳು. ಸದ್ದು ಬೇರೆ ಇತ್ತು. ಅವಳು ಸುತ್ತಿಗೆ ಕೆಳಗಿಟ್ಟಳು.

"ಪುಸ್ತಕ ನಂಬಿ ಕೊರೆದಿದ್ದರೆ ತೂತು ಮಾಡಿಬಿಡುತ್ತಿದ್ದೆ," ಎಂದಳು.

ಮೌನೇಶಪ್ಪ ಕೈಯಲ್ಲಿದ್ದ ರೊಟ್ಟಿ ಬುತ್ತಿಯಲ್ಲಿಟ್ಟ. ಎದ್ದು ಹೋಗಿ ಮಿಲ್ಲಿಂಗ್ ಮೆಷಿನ್ನಿನ ಗೋಣಿಚೀಲ ಎಳೆದು ಹಾಕಿದ. "ನಿನಗೆ ಗೆರೆ ಕಾಣುತ್ತದೆ. ನನಗೆ ಕೇಳುತ್ತದೆ. ಶುರು ಮಾಡು ತಾಯಿ," ಎಂದ.

ಅವಳು ಹಳೆಯ ಸ್ಟಡ್ಡುಗಳನ್ನು ಎಳೆದು ತೆಗೆದಳು. ಹೆಡ್ಡನ್ನು ಮೆಷಿನ್ನಿನ ಮೇಲೆ ಬಿಗಿದಳು. ಅವನು ಪಕ್ಕದಲ್ಲಿ ನಿಂತು, ಹೆಡ್ಡಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದ. ಅವಳು ಕೂದಲೆಳೆಯಷ್ಟು ಇಳಿಸುವಳು, ಅವನು ಹೂಂ ಎನ್ನುವನು. ಮತ್ತೆ ಇಳಿಸುವಳು, ಮತ್ತೆ ಹೂಂ. ಒಂದೊಂದು ಉಬ್ಬಿಗೂ ಅರ್ಧ ತಾಸು ಹಿಡಿಯಿತು. ಏಳನೆಯದನ್ನು ಕೊನೆಗೆ ಇಟ್ಟುಕೊಂಡರು. ಅದು ಎರಡೂವರೆ ಮಿಲ್ಲಿಗೆ ಬಂದಾಗ ಅವನು, "ಸಾಕು," ಎಂದ.

ಇನ್ನೂ ಅರ್ಧ ಮಿಲ್ಲಿ ಬಾಕಿ ಇತ್ತು. ಕಸ್ತೂರಿ ವಾದ ಮಾಡಲಿಲ್ಲ. ಮೆಷಿನ್ ನಿಲ್ಲಿಸಿದಳು. ಏಳನೆಯ ರಾಕರನ್ನು ಹಿಡಿದು, ಅದರ ಹೊಟ್ಟೆಯ ಅಂಚನ್ನು ಗ್ರೈಂಡರಿಗೆ ಮೆಲ್ಲಗೆ ಕೊಟ್ಟಳು.

ಮೌನೇಶಪ್ಪ ಕಿಡಿ ನೋಡಿ ಗಾಬರಿಯಾದ. "ಅದನ್ನು ಮುಟ್ಟಬಾರದು ಎಂದೆಯಲ್ಲೇ?"

"ಅಂಚಿನಲ್ಲಿ ಅರ್ಧ ಮಿಲ್ಲಿ ಹೋದರೆ ತಡೆಯುತ್ತದೆ ಮಾವ. ಮೊನ್ನೆ ಹಟಕ್ಕೆ ಹಾಗೆ ಹೇಳಿದ್ದೆ."

ಮುದುಕ ನಕ್ಕ. ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. "ನಾನೂ ಅಷ್ಟೇ. ಹೆಡ್ಡು ಕೊರೆಯಲು ಬರುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಕಣ್ಣಿಗೆ ಕಾಣುವುದಿಲ್ಲ ಎಂದು ನಿನ್ನ ಮುಂದೆ ಹೇಗೆ ಹೇಳಲಿ?" ಎಂದ.

ಥ್ರೆಡ್ ಹೊಡೆದದ್ದಾಯಿತು, ದಪ್ಪ ಸ್ಟಡ್ ಕೂತಿತು, ಹೆಡ್ಡು ಮತ್ತೆ ಇಂಜಿನ್ನಿನ ಮೇಲೆ ಕೂತಿತು, ರಾಕರು ಏರಿತು. ಗಾಲಿ ವಾಲ್ವಿನ ತುದಿಯ ನಟ್ಟನಡುವೆಯೇ ಉರುಳುತ್ತದೆಯೋ ಇಲ್ಲವೋ ನೋಡಬೇಕಿತ್ತು. ಗುರುತಿಗೆ ಹಚ್ಚುವ ಬಣ್ಣ ಮುಗಿದಿತ್ತು. ಕಸ್ತೂರಿ ತನ್ನ ಕಾಡಿಗೆ ಡಬ್ಬಿ ತೆಗೆದು ಎಂಟೂ ವಾಲ್ವಿನ ತುದಿಗೆ ಒಂದೊಂದು ಬೊಟ್ಟು ಸವರಿದಳು. ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ರಾಕರು ಎತ್ತಿ ನೋಡಿದರು. ಎಂಟೂ ತುದಿಗಳ ನಟ್ಟನಡುವೆ ಒಂದೊಂದು ತೆಳು ಗೆರೆ ಬಿದ್ದಿತ್ತು. ಮೌನೇಶಪ್ಪನಿಗೆ ಅದು ಕಾಣಲಿಲ್ಲ. "ನಡುವೆ ಇದೆಯಾ?" ಎಂದು ಕೇಳಿದ. ಅವಳು ಅವನ ಬೆರಳನ್ನು ಹಿಡಿದು ಒಂದೊಂದರ ಮೇಲೂ ಇಟ್ಟು, "ಇಲ್ಲಿದೆ, ಇಲ್ಲಿದೆ," ಎಂದು ತೋರಿಸಿದಳು.

ಮರುದಿನ ಜೀಪು ಒಂಬತ್ತು ಜನರನ್ನು ಹೊತ್ತು ಗುಡ್ಡ ಹತ್ತಿತು. ಮಾವ ಸೊಸೆ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದರು. ಮೇಲಿನ ಹಳ್ಳಿ ಬಂದರೂ ಇಳಿಯುವುದು ಅವರಿಗೆ ನೆನಪಾಗಲಿಲ್ಲ. ಇಮಾಮಸಾಬನೇ ಬಂದು ಬಾಗಿಲು ತೆಗೆದ.

ಗುರುಗಳು ಕತೆ ನಿಲ್ಲಿಸಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

ಚನ್ನವೀರ ನೆಲದ ಮೇಲಿನ ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡಿದ. "ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು ಎಂದಾಯಿತು. ಆದರೆ ಯಾರು ಎಷ್ಟು ಬಿಡಬೇಕು ಎಂದು ತಿಳಿಯುವುದು ಹೇಗೆ ಗುರುಗಳೇ?" ಎಂದ.

ಗುರುಗಳು ಅವನ ಮುಖ ನೋಡಿ ಮುಗುಳ್ನಕ್ಕರು. "ಅವನು ಬಂದು ಇಪ್ಪತ್ತು ದಿನವಾಯಿತು ಚನ್ನವೀರ, ಇದುವರೆಗೆ ನೀನು ಅವನನ್ನು ಏನು ಕೇಳಿದ್ದೀಯೆ?"

ಚನ್ನವೀರ ಸೊಪ್ಪಿನ ಬುಟ್ಟಿ ಎತ್ತಿಕೊಂಡು, ಹೊಸ ಶಿಷ್ಯನನ್ನು ಹುಡುಕುತ್ತ ಅಡುಗೆಮನೆಗೆ ನಡೆದ.